ಕೆಂಧೂಳನ ವಂಶ ಬರೆದವರು

ಮಾತಿನ ಗುಳ್ಳೆ ಬರೆಯುವಾಗ ಅವರು ಮೊದಲು ಬಾಲ ಬರೆಯುತ್ತಿದ್ದರು. ಚಿತ್ರಕತೆಗಳಲ್ಲಿ ಪಾತ್ರಗಳ ತಲೆಯ ಮೇಲೆ ಮಾತು ತುಂಬಿಕೊಂಡು ತೇಲುತ್ತದಲ್ಲ, ಆ ಗುಳ್ಳೆ. ಅವರು ಅದನ್ನು ‘ಪುಗ್ಗ’ ಎನ್ನುತ್ತಿದ್ದರು, ನಮ್ಮ ಕಡೆ ಮಕ್ಕಳು ಬಲೂನಿಗೆ ಅನ್ನುವ ಹಾಗೆ. ಬೇರೆಯವರು ಪುಗ್ಗ ಬರೆದು ಕೊನೆಗೆ ಬಾಲ ಎಳೆಯುತ್ತಾರೆ. ಅವರು ಪಾತ್ರದ ಬಾಯಿಯ ಹತ್ತಿರ ಪೆನ್ಸಿಲ್ ಊರಿ, ಅಲ್ಲಿಂದ ಮೇಲಕ್ಕೆ ಸಣ್ಣ ಗೆರೆ ಎಳೆದು, ಆಮೇಲೆ ಅದರ ತುದಿಗೆ ಪುಗ್ಗ ಊದುತ್ತಿದ್ದರು.

“ಯಾರ ಬಾಯಿಂದ ಬಂತು ಅಂತ ಮೊದ್ಲ ಗೊತ್ತಾಗ್ಬೇಕ್ರಿ ಟೀಚರ್. ಏನಂದ ಅನ್ನೋದು ನಿಮ್ಮ ಕೆಲಸ.”

ಆ ಪುಗ್ಗಗಳಿಗೆ ಮಾತು ತುಂಬುತ್ತಿದ್ದವಳು ನಾನು. ದೋಣಿಮಲೈ ಗಣಿ ಕಾಲನಿಯ ಶಾಲೆಯಲ್ಲಿ ಅವರು ಡ್ರಾಯಿಂಗ್ ಮಾಸ್ತರು, ನಾನು ಕನ್ನಡ ಟೀಚರ್. ಇಬ್ಬರೂ ಸಂಡೂರಿನಿಂದ ಒಂದೇ ಸ್ಟಾಫ್ ಬಸ್ಸಿನಲ್ಲಿ ಬೆಟ್ಟ ಹತ್ತುತ್ತಿದ್ದೆವು. ಹೊಸಪೇಟೆಯ ಒಂದು ಸಣ್ಣ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಅವರ ಚಿತ್ರಕತೆ ಬರುತ್ತಿತ್ತು. ಈ ಮಳೆಗಾಲ ಶುರುವಾಗುವಾಗ ಅವರು ತೀರಿಕೊಂಡರು. ಹೆಸರು ಬರೆಯುವುದಿಲ್ಲ. ಚಿತ್ರದ ಕೆಳಗೆ ಅವರೂ ಬರೆಯುತ್ತಿರಲಿಲ್ಲ.

ಅವರ ಬಗ್ಗೆ ಬರೆಯಬೇಕೆಂದು ಕೂತರೆ ನೆನಪುಗಳು ತಾವಾಗಿಯೇ ಸಾಲಾಗಿ ನಿಲ್ಲುತ್ತವೆ, ಶಾಲೆಯ ಗ್ರೂಪ್ ಫೋಟೋಕ್ಕೆ ನಿಂತ ಹಾಗೆ. ಅದನ್ನು ಕಂಡರೆ ನನಗೆ ಅನುಮಾನ. ಹಾಗೆ ನಿಲ್ಲುವ ನೆನಪುಗಳು ಯಾವಾಗಲೂ ತಲೆ ಬಾಚಿಕೊಂಡು ಬಂದಿರುತ್ತವೆ. ಆದ್ದರಿಂದ ಎಲ್ಲಿ ನನಗೆ ಖಾತ್ರಿಯಿಲ್ಲವೋ ಅಲ್ಲಿ ಇಲ್ಲ ಎಂದು ಹೇಳಿಬಿಡುತ್ತೇನೆ.

ಕತೆಯ ನಾಯಕ ಬಂಡೆವೀರ. ಹಂಪಿಯ ಬಂಡೆಗಳ ನಡುವೆ ಹುಟ್ಟಿದವನು, ಬಂಡೆ ಎತ್ತುವವನು, ಹಾರುವವನು, ಮುಖಕ್ಕೆ ಮುಸುಕು ಹಾಕಿಕೊಂಡವನು. ಖಳ ಕೆಂಧೂಳಾಸುರ. ಸಂಡೂರಿನ ಅದಿರಿನಿಂದ ಎದ್ದವನು, ಧೂಳಾಗಿ ಊರೊಳಗೆ ನುಗ್ಗುವವನು. ಮಾಸ್ತರು ಮಾಡಿದ ಎಡವಟ್ಟು ಏನೆಂದರೆ, ಕತೆ ಮೈತುಂಬುವ ಮೊದಲೇ ಅಸುರನನ್ನು ಕೊಂದುಬಿಟ್ಟರು. ಬಂಡೆವೀರ ಒಂದು ಬಂಡೆ ಎತ್ತಿ ಹಾಕಿದ, ಅಸುರ ಚಪ್ಪಟೆಯಾದ. ಪತ್ರಿಕೆಯವರು ಫೋನ್ ಮಾಡಿ, “ಸರ, ಮುಂದಿನ ವಾರ ಆ ಜಾಗಕ್ಕ ಏನು ಹಾಕೋಣ? ವಗ್ಗರಣಿ ಮಾಡೋದು ಹೆಂಗ ಅಂತ ಹಾಕ್ಲೇನು?” ಎಂದು ಕೇಳಿದರಂತೆ.

ಮರುದಿನ ಬಸ್ಸಿನಲ್ಲಿ ಅವರು ತಲೆ ಮೇಲೆ ಕೈ ಹೊತ್ತು ಕೂತಿದ್ದರು. “ಅಸುರ ಸತ್ರ ಏನಾತ್ರಿ? ಅವಗ ಮಕ್ಕಳು ಮೊಮ್ಮಕ್ಕಳು ಇರಂಗಿಲ್ಲೇನು?” ಎಂಬ ಮಾತು ಬಂದದ್ದು ಆಗ. ಅದು ಮಾಸ್ತರ ಮಾತು ಎಂದೇ ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಈಗ ಬರೆಯುತ್ತಿದ್ದರೆ ಆ ದನಿ ಮುಂದಿನ ಸೀಟಿನಿಂದ ಬಂದಂತೆ ಕೇಳಿಸುತ್ತಿದೆ. ಅಂದರೆ ಡ್ರೈವರ್ ಯಂಕೋಬನದು.

ಯಾರದಾದರೂ ಸರಿ, ಕೆಂಧೂಳನ ವಂಶ ಹುಟ್ಟಿದ್ದು ಹೀಗೆ. ಅಸುರನ ಸಂತತಿಯವರು ಮಾಮೂಲಿ ಜನರಂತೆ ಊರೂರಿನಲ್ಲಿದ್ದಾರೆ. ಚಹಾ ಮಾರುತ್ತಾರೆ, ಟೈರಿಗೆ ಗಾಳಿ ತುಂಬುತ್ತಾರೆ, ಒಳಗೊಳಗೇ ಅಜ್ಜ ಮತ್ತೆ ಏಳುವ ದಿನಕ್ಕೆ ಕಾಯುತ್ತಾರೆ. ಒಬ್ಬರಿಗೊಬ್ಬರು ಗುರುತಾಗಲು ಅಂಗೈ ತೋರಿಸಬೇಕು. ವಂಶದವರ ಅಂಗೈ ಗೆರೆಗಳಲ್ಲಿ ಕೆಂಪು ಧೂಳು ಕೂತಿರುತ್ತದೆ. ನಮ್ಮ ಬಸ್ಸಿನಲ್ಲಿ ಯಾರ ಅಂಗೈಯಲ್ಲಿ ಅದು ಇರಲಿಲ್ಲ? ಕಂಬಿ ಹಿಡಿದು ಹತ್ತಿದರೆ ಸಾಕಿತ್ತು. ಅದು ಅಚ್ಚಾದ ಮರುದಿನ, ಸೋಮವಾರ, ಬಸ್ಸಿನಲ್ಲಿ ಜನ ತಮ್ಮ ತಮ್ಮ ಅಂಗೈ ನೋಡಿಕೊಂಡು, “ಏನಲೇ, ನೀನೂ ನಮ್ಮ ಪೈಕಿ ಏನು?” ಎಂದು ನಕ್ಕರು. ಆಮೇಲೆ ನಮಸ್ಕಾರದ ಬದಲು ಅಂಗೈ ತೋರಿಸುವುದೇ ರೂಢಿಯಾಯಿತು.

ಆ ಗುರುತಿಗೆ ಅವರು ಕೆಂಪು ಶಾಯಿ ಬಳಸುತ್ತಿರಲಿಲ್ಲ. ಕಿಟಕಿಯ ಅಂಚಿನ ಧೂಳನ್ನು ಬೆರಳಿಗೆ ಒತ್ತಿಕೊಂಡು ಕಾಗದಕ್ಕೆ ಸವರುತ್ತಿದ್ದರು. ಪುರವಣಿಯಲ್ಲಿ ಆ ಪುಟ ಅಚ್ಚಾಗುತ್ತಿದ್ದುದು ಕಪ್ಪು ಬಿಳುಪಿನಲ್ಲಿ. “ಮತ್ತ್ಯಾಕ್ರಿ ಈ ಕಷ್ಟ?” ಎಂದು ಕೇಳಿದರೆ, “ಕರ್ರಗ ಬಂದ್ರೂ ಅದು ಧೂಳಾ ಅಲ್ಲೇನ್ರಿ?” ಎನ್ನುತ್ತಿದ್ದರು.

ಅವರಿಗೆ ಕಲ್ಪಿಸಿಕೊಂಡು ಮುಖ ಬರೆಯಲು ಬರುತ್ತಿರಲಿಲ್ಲ. ಇದನ್ನು ಅವರು ಮುಚ್ಚಿಡಲೂ ಇಲ್ಲ. ವಂಶಕ್ಕೆ ಹೊಸ ಮುಖ ಬೇಕಾದಾಗಲೆಲ್ಲ ಬಸ್ಸಿನಲ್ಲಿದ್ದವರ ಮುಖವನ್ನೇ ಎತ್ತಿಕೊಳ್ಳುತ್ತಿದ್ದರು. ಮೊದಲ ಮುಖ ಯಂಕೋಬನದು. ಮಾಸ್ತರು ಯಾವಾಗಲೂ ಡ್ರೈವರ್ ಸೀಟಿನ ಹಿಂದೆಯೇ ಕೂರುತ್ತಿದ್ದರು. ಅಲ್ಲಿಂದ ಅವನ ಬೆನ್ನು ಇಡಿಯಾಗಿ, ಮುಖ ಮಾತ್ರ ಮೇಲಿನ ಕನ್ನಡಿಯಲ್ಲಿ ಕಾಣುತ್ತಿತ್ತು.

“ಏನ್ರಿ ಸರ, ಕನ್ನಡ್ಯಾಗ ಹೆಣ್ಣು ನೋಡಾಕ ಬಂದಂಗ ನೋಡಾಕತ್ತೀರಿ?”

“ನಿನ್ನ ಮೂಗು ನೋಡಾಕತ್ತೀನಿ. ಸುಮ್ನ ಬಸ್ ಹೊಡಿ.”

“ಕನ್ನಡ್ಯಾಗ ಬಲಕ್ಕ ಕಾಣತೈತಿ, ಖರೇ ಎಡಕ್ಕ ಸೊಟ್ಟ ಐತ್ರಿ. ನೋಡಿ ಬರೀರಿ. ನಮ್ಮಾಕಿ ಬೈತಾಳ.”

ಮಾಸ್ತರು ಕನ್ನಡಿಯಲ್ಲಿ ಕಂಡಂತೆಯೇ ಬರೆದರು. ಭಾನುವಾರ ಯಂಕೋಬನ ಹೆಂಡತಿ ಹುಲಿಗೆಮ್ಮ ಯಶವಂತನಗರದ ತಮ್ಮ ಓಣಿಗೆಲ್ಲ ಪೇಪರು ತೋರಿಸಿ ಬಂದರಂತೆ. “ಮೂಗು ಆ ಕಡಿಗೆ ಹೋಗೇತಿ, ಆದ್ರೂ ಅವ್ರ ಅದಾರ” ಎಂದರಂತೆ. ಅಲ್ಲಿಂದ ಮುಂದೆ ಯಂಕೋಬ ವಂಶದ ಸಾರಥಿ. ರಥದ ಬದಲು ಮಿನಿಬಸ್ಸು.

ಮೊದಮೊದಲು ನಾನು ವಂಶದವರ ಬಾಯಲ್ಲಿ ಭಾರೀ ಮಾತುಗಳನ್ನು ತುಂಬುತ್ತಿದ್ದೆ. ‘ಎಲೈ ಬಂಡೆವೀರನೇ, ನಮ್ಮ ಪಿತಾಮಹನ ಪ್ರತೀಕಾರವು ಸನ್ನಿಹಿತವಾಗಿದೆ’ ಎಂಬಂಥವು. ಮಾಸ್ತರು ಓದಿ ಕಿವಿಯ ಹಿಂದಿನ ಪೆನ್ಸಿಲ್ ತೆಗೆದರು. “ಟೀಚರ್, ಅವ ಅಸುರನ ಮೊಮ್ಮಗ ಖರೆ. ಆದ್ರ ಇರೋದು ಯಶವಂತನಗರದಾಗ. ಹಿಂಗಂದ್ರ ಅವಗ ಯಾರರ ಚಾ ಕೊಡ್ತಾರೇನ್ರಿ?”

ಬಂಡೆವೀರನ ಮುಖ ಆಗಬೇಕೆಂದು ಯಾರೂ ಕೇಳಿದ್ದು ನನಗೆ ನೆನಪಿಲ್ಲ. ವಂಶಕ್ಕೆ ಸೇರಲು ಮಾತ್ರ ಜನ ಬರುತ್ತಲೇ ಇದ್ದರು. ಬಂಡೆವೀರನಿಗೆ ಶಕ್ತಿ ಇತ್ತು, ಸಂಬಂಧಿಕರಿರಲಿಲ್ಲ. ಕಂಪ್ಲಿಯ ರೈಸ್ ಮಿಲ್ ಮಾಲೀಕರೊಬ್ಬರು ಒಂದು ಚೀಲ ಸೋನಾ ಮಸೂರಿ ಸಮೇತ ಸಂಡೂರಿಗೇ ಬಂದಿದ್ದರು. ಹಣೆಯ ಮೇಲೆ ದಪ್ಪ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ.

“ಸರ, ನಮ್ಮನ್ನೂ ಆ ರಾಕ್ಷಸನ ಮಂದ್ಯಾಗ ಒಬ್ಬನ್ನ ಮಾಡ್ರಿ. ಮೊಮ್ಮಕ್ಕಳು ಗಂಟು ಬಿದ್ದಾರ.”

“ಅವ್ರು ಕೆಟ್ಟವ್ರು ಅದಾರ್ರಿ ಮಾಲಕ್ರ.”

“ಭಾನುವಾರ ಒಂದಿನ ತಾನ? ಇರವಲ್ದ್ಯಾಕ. ಆದ್ರ ವಿಭೂತಿ ಮಾತ್ರ ತೆಗೀಬ್ಯಾಡ್ರಿ.”

ಮಾಸ್ತರು ಅಕ್ಕಿ ವಾಪಸು ಕಳಿಸಿ, ವಿಭೂತಿ ಸಮೇತ ಅವರನ್ನು ವಂಶಕ್ಕೆ ಸೇರಿಸಿದರು. ಇಲ್ಲ ಅನ್ನುವುದು ಆ ಮನುಷ್ಯನಿಗೆ ಬರುತ್ತಿರಲಿಲ್ಲ. ಶಾಲೆಯಲ್ಲಿ ಯಾರದೋ ಪಿರಿಯಡ್ ನೋಡಿಕೊಳ್ಳಿ ಎಂದರೂ ತಲೆಯಾಡಿಸುತ್ತಿದ್ದರು. ಇದನ್ನು ನಾನು ಒಳ್ಳೆಯ ಗುಣ ಎಂದು ಬಹಳ ದಿನ ತಿಳಿದಿದ್ದೆ.

ವಂಶ ಬೆಳೆದು ಚೌಕಟ್ಟಿನಲ್ಲಿ ಹಿಡಿಸದಂತಾದಾಗ ಜನರನ್ನು ಕತೆಯಿಂದ ಹೊರಗೆ ಕಳಿಸಬೇಕಾಯಿತು. “ಒಬ್ಬಿಬ್ಬರನ್ನು ಸಾಯಿಸಿಬಿಡಿ” ಎಂದೆ. “ಸತ್ತ ಮುಖ ಬರಿಯಾಕ ನನಗ ಬರಂಗಿಲ್ರಿ” ಎಂದರು. ಅದಕ್ಕೇ ಅವರು ನಿಯಮ ಕಟ್ಟಿದ್ದು: ಕೆಂಧೂಳನ ವಂಶದವರಿಗೆ ಸಾವಿಲ್ಲ. ಸಾಕಾದಾಗ ಬೆನ್ನು ತಿರುಗಿಸಿ ಬೆಟ್ಟದೊಳಗೆ ನಡೆದುಹೋಗುತ್ತಾರೆ, ಅಷ್ಟೇ. ಬೆನ್ನು ಬರೆದ ಮೇಲೆ ಆ ಪಾತ್ರ ಮತ್ತೆ ಬರುವುದಿಲ್ಲ. ಯಾರಿಗಾದರೂ ವರ್ಗವಾದರೆ, ಯಾರಾದರೂ ನಿವೃತ್ತರಾದರೆ, ಆ ಭಾನುವಾರ ಅವರ ಬೆನ್ನು. ಅದೊಂದು ಬೀಳ್ಕೊಡುಗೆಯಂತೆ ಆಗಿತ್ತು. ಕೆಲವರು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರು.

ಆಮೇಲೆ ಕ್ಯಾಂಟೀನಿನ ಒಬ್ಬರು ನಿವೃತ್ತರಾದರು. ಭಾನುವಾರ ಅವರ ಬೆನ್ನು ಅಚ್ಚಾಯಿತು. ಆ ವಾರದಲ್ಲೇ ಅವರು ಹೃದಯಾಘಾತವಾಗಿ ಹೋದರು. ಮೊದಲೇ ಹೃದಯದ ತೊಂದರೆ ಇತ್ತು, ಎಲ್ಲರಿಗೂ ಗೊತ್ತಿತ್ತು. ಯಾರೂ ಮಾಸ್ತರನ್ನು ಏನೂ ಅನ್ನಲಿಲ್ಲ. ಆದರೆ ಬಸ್ಸು ಹತ್ತುವಾಗ ಒಬ್ಬರು ನಗುತ್ತಲೇ, “ಸರ, ನಂದು ಬೆನ್ನು ಮಾತ್ರ ಬ್ಯಾಡ್ರಿ” ಎಂದರು. ಮರುದಿನ ಇನ್ನೊಬ್ಬರು ನಗದೆ ಅದನ್ನೇ ಹೇಳಿದರು. ಗೋಡೆಯ ಕಟ್ಟುಗಳು ಒಂದೊಂದಾಗಿ ಕೆಳಗಿಳಿದವು. ಮಾಸ್ತರು ಬೆನ್ನು ಬರೆಯುವುದನ್ನು ನಿಲ್ಲಿಸಿದರು. ಕತೆಯಿಂದ ಯಾರನ್ನೂ ಕಳಿಸಲಾಗದೆ, ಚೌಕಟ್ಟುಗಳಲ್ಲಿ ಮುಖಗಳು ಸಂತೆಯಂತೆ ಒತ್ತಿಕೊಂಡವು. ಬಂಡೆವೀರನಿಗೆ ನಿಲ್ಲಲೂ ಜಾಗವಿಲ್ಲದೆ ಅವನು ಒಂದು ಮೂಲೆಯಲ್ಲಿ ಹಾರಾಡಿಕೊಂಡಿದ್ದ.

ಇಷ್ಟರಲ್ಲಿ ಯಂಕೋಬನಿಗೆ ಕಿಡ್ನಿ ಕೈಕೊಟ್ಟಿತು.

ಬಸ್ಸಿಗೆ ಬೇರೆ ಡ್ರೈವರ್ ಬಂದ. ಯಂಕೋಬ ಹುಲಿಗೆಮ್ಮನ ಜೊತೆ ಹೊಸಪೇಟೆಗೆ ಡಯಾಲಿಸಿಸ್ಸಿಗೆ ಓಡಾಡತೊಡಗಿದ. ನಾವಿಬ್ಬರೂ ನೋಡಲು ಹೋದಾಗ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದ. ಮುಖ ಊದಿತ್ತು. ಮೂಗು ಎಡಕ್ಕೋ ಬಲಕ್ಕೋ ತಿಳಿಯುತ್ತಿರಲಿಲ್ಲ.

“ಬರ್ರಿ ಸರ, ಕುಂದ್ರಿ. ಕುಂದ್ರಿ ಟೀಚರ್. ಭಾನುವಾರ ನೀವು ನನ್ನ ಬರೀತೀರಿ, ನಡುವ ಆಸ್ಪತ್ರ್ಯಾಗ ಅವ್ರು ನನ್ನ ತೊಳೀತಾರ. ಇಬ್ರೂ ಬಿಡವಲ್ರಿ ನನ್ನ.”

ಹುಲಿಗೆಮ್ಮ ಚಹಾ ತಂದರು. ಅವರು ಒಳಗೆ ಹೋದದ್ದೇ ಯಂಕೋಬ ದನಿ ತಗ್ಗಿಸಿದ.

“ಸರ, ಬೆನ್ನು ಬರದುಬಿಡ್ರಿ. ಸಾಕಾಗೇತಿ.”

“ಹುಚ್ಚರಂಗ ಮಾತಾಡಬ್ಯಾಡ. ಚಿತ್ರದಿಂದ ಏನಾಗತೈತಿ?”

“ಏನೂ ಆಗಂಗಿಲ್ಲ ಅಂತ ನನಗ ಗೊತ್ತೈತ್ರಿ. ಆಕಿಗಿ ಗೊತ್ತಿಲ್ಲ. ನನ್ನ ಬೆನ್ನು ನೋಡಿದ್ರ ಆಕಿ ಆಸ್ಪತ್ರಿಗಿ ಎಳ್ಕೊಂಡು ಹೋಗೋದು ಬಿಡ್ತಾಳ. ನಾ ಬ್ಯಾಡಂದ್ರ ಕೇಳವಲ್ಲಳು. ನೀವು ಇಷ್ಟು ವರ್ಷ ನನ್ನ ಬೆನ್ನ ಹಿಂದ ಕುಂತೀರಿ. ಮುಖಕ್ಕಿಂತ ಬೆನ್ನ ಹೆಚ್ಚು ನೋಡೀರಿ. ಬರಿಯಾಕ ಏನು ತ್ರಾಸು?”

ಒಳಗಿನಿಂದ ಹುಲಿಗೆಮ್ಮನ ದನಿ ಬಂತು. “ಕೇಳಸ್ತೈತಿ ನನಗ. ಸರ, ಅವ್ರ ಮಾತು ಕೇಳಬ್ಯಾಡ್ರಿ. ಮುಖ ಬರೀರಿ.” ಹೊರಗೆ ಬಂದು ಮಾಸ್ತರ ಎದುರು ನಿಂತರು. “ಬೆನ್ನು ಗಿನ್ನು ಬರದೀರಿ ಅಂದ್ರ ನಾ ನಿಮ್ಮ ಮನಿ ಬಾಗ್ಲಾಗ ಬಂದು ಕುಂದ್ರಾಕಿ, ನೋಡ್ರಿ ಮತ್ತ.”

“ಹುಲಿಗೆಮ್ಮಾ, ಇದೆಲ್ಲಾ ನಾ ಹುಟ್ಟಿಸಿದ್ದವ್ವ. ಅಸುರ ಸುಳ್ಳು, ವಂಶ ಸುಳ್ಳು.”

“ಸುಳ್ಳಂತ ಗೊತ್ತೈತ್ರಿ. ಸುಳ್ಳಾದ್ರ ಮುಖಾನ ಬರಿಯಾಕ ನಿಮಗೇನು ಅಡ್ಡಿ?”

ಮಾಸ್ತರು ನನ್ನ ಕಡೆ ನೋಡಿದರು. ಪುಗ್ಗಗಳಿಗೆ ಮಾತು ತುಂಬುವವಳು ನಾನಾದ್ದರಿಂದ ಇಲ್ಲಿಗೂ ಒಂದು ಮಾತು ಕೊಡಬಹುದು ಎಂದುಕೊಂಡರೇನೋ. ನಾನು ಚಹಾದ ಲೋಟ ನೋಡುತ್ತಿದ್ದೆ.

ಆ ಶನಿವಾರ ಅವರು ಎರಡೂ ಬರೆದರು. ಒಂದು ಬೆನ್ನು, ಒಂದು ಮುಖ. ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು, ಬಹಳ ಹೊತ್ತು ನೋಡಿ, ಬೆನ್ನನ್ನು ಹರಿದರು. ಹರಿಯುವ ಸದ್ದು ಕೂಡ ನನಗೆ ನೆನಪಿದೆ. ಕಷ್ಟವೆಂದರೆ ಆ ಶನಿವಾರ ನಾನು ಹೊಸಪೇಟೆಯಲ್ಲಿದ್ದೆ, ನಾದಿನಿಯ ಮನೆಯ ಸೀಮಂತಕ್ಕೆ. ಯಾರೋ ಹೇಳಿದ್ದನ್ನು ನಾನು ನೋಡಿದ್ದಾಗಿ ಮಾಡಿಕೊಂಡಿರಬಹುದು. ಯಾರೂ ಹೇಳದೆಯೂ ಇರಬಹುದು. ಅವರು ಹಾಗೆ ಒದ್ದಾಡಿರಲೇಬೇಕು ಎಂದು ನಾನೇ ಆ ಕೋಣೆಯನ್ನೂ ಮೇಜನ್ನೂ ಇಟ್ಟಿರಬಹುದು. ಭಾನುವಾರ ಅಚ್ಚಾದದ್ದು ಮುಖ ಎನ್ನುವುದು ಮಾತ್ರ ಖಂಡಿತ. ಅದರ ಮುಂದಿನ ಭಾನುವಾರವೂ ಮುಖ. ಅದರ ಮುಂದಿನದೂ.

ಯಂಕೋಬ ತೀರಿಕೊಂಡದ್ದು ಒಂದು ಭಾನುವಾರ ಬೆಳಿಗ್ಗೆ, ಡಯಾಲಿಸಿಸ್ಸಿನ ದಿನವಲ್ಲ. ಪೇಪರು ಆಗಲೇ ಬಂದಿತ್ತು. ಅದರಲ್ಲಿ ಅವನು ಮಿನಿಬಸ್ಸಿನ ಸ್ಟೇರಿಂಗ್ ಹಿಡಿದು ನೇರ ನಮ್ಮ ಕಡೆ ನೋಡುತ್ತಿದ್ದ.

ಮಣ್ಣಾಯಿತು, ದಿನಗಳಾದವು. ಹುಲಿಗೆಮ್ಮ ಎಲ್ಲವನ್ನೂ ಕ್ರಮವಾಗಿ ಮಾಡಿದರು. ಅತ್ತರು, ಬಂದವರಿಗೆ ಉಣ್ಣಿಸಿದರು. ಆಮೇಲೆ ಒಂದು ದಿನ ಮಾಸ್ತರ ಮನೆಗೆ ಬಂದರು. ಅಂದು ನಾನು ಅಲ್ಲೇ ಇದ್ದೆ. ಇದು ಖಂಡಿತ.

“ಸರ, ಎರಡು ವಾರ ಆತು, ಪೇಪರ್ನಾಗ ಅವ್ರು ಬಂದಿಲ್ಲ.”

ಮಾಸ್ತರು ನಿಂತೇ ಇದ್ದರು. “ಹೆಂಗ ಬರೀಲವ್ವ? ಯಂಕೋಬ ಹೋದನಲ್ಲ.”

“ಹೋಗ್ಯಾರ್ರಿ. ಮಣ್ಣು ಹಾಕಿದಾಕಿ ನಾ, ನನಗ ಗೊತ್ತಿಲ್ಲೇನು? ಆದ್ರ ನೀವು ಬೆನ್ನು ತಿರುಗ್ಸಿಲ್ಲಲ್ರಿ. ಹೋಗಿದ್ದು ಬ್ಯಾರೆ, ತಿರುಗ್ಸಿದ್ದು ಬ್ಯಾರೆ.”

ಅವರಿಗೆ ಹುಚ್ಚು ಹಿಡಿದಿತ್ತೆಂದು ಓದುಗರು ಅಂದುಕೊಳ್ಳಬಾರದು. ದನಿಯಲ್ಲಿ ಹುಚ್ಚಿನ ಎಳೆಯೂ ಇರಲಿಲ್ಲ. ನಿಯಮ ಮಾಡಿದವರ ಬಳಿ ಬಂದು ನಿಯಮ ಕೇಳುತ್ತಿದ್ದರು, ಅಷ್ಟೇ. ಮಾಸ್ತರು ಕೂತರು. ಬಾಲ ಎಳೆದರು, ಪುಗ್ಗ ಊದಿದರು, ಕೆಳಗೆ ಯಂಕೋಬನ ಮುಖ ಬರೆದರು. ಪುಗ್ಗವನ್ನು ನನ್ನ ಕಡೆ ಸರಿಸಿದರು. ‘ಬಸ್ ಹೊರಡತೈತಿ, ಹತ್ರಿ’ ಎಂದೇನೋ ಬರೆದೆ.

ಅದಾದ ಮೇಲೆ ಪತ್ರಿಕೆ ಪುರವಣಿಯನ್ನೇ ನಿಲ್ಲಿಸಿತು. ಬಂಡೆವೀರ ಒಂದು ವಾರ ಆಕಾಶದಲ್ಲಿ ಹಾರಿದವನು ಇಳಿಯಲೇ ಇಲ್ಲ. ಕಂಪ್ಲಿಯ ಮಾಲೀಕರು ಒಂದು ಸಲ ಫೋನ್ ಮಾಡಿ, ಮರೆತರು. ವಂಶದವರೆಲ್ಲ ಹಾಗೇ ಮುಖ ಮುಂದೆ ಮಾಡಿಕೊಂಡು ನಿಂತುಬಿಟ್ಟರು. ಮಾಸ್ತರಿಗೆ ಬಿಡುಗಡೆ ಸಿಗಲಿಲ್ಲ. ಭಾನುವಾರ ಬಂದರೆ ಹುಲಿಗೆಮ್ಮ ಬಾಗಿಲಲ್ಲಿ. ಒಂದೇ ಚೌಕಟ್ಟು, ಒಂದೇ ಮುಖ. ನಾನು ನಿವೃತ್ತಳಾಗಿ ಹೊಸಪೇಟೆಗೆ ಬಂದ ಮೇಲೆ ಪುಗ್ಗದ ಮಾತನ್ನು ಫೋನಿನಲ್ಲಿ ಕೇಳುತ್ತಿದ್ದರು.

“ಟೀಚರ್, ಇವತ್ತು ಏನಂತಾನ?”

“ಇಲ್ಲ ಎಂದುಬಿಡಿ ಸರ್. ಎಷ್ಟು ದಿನ ಹೀಗೆ?”

“ಹೆಂಗನ್ಲಿ? ಇಲ್ಲ ಅನ್ನೋದೂ ಬೆನ್ನು ಬರದಂಗ ಆಗತೈತಲ್ರಿ.”

ಆಮೇಲಾಮೇಲೆ ಅವರ ಕೈ ನಡುಗತೊಡಗಿತು. ಲೋಟದ ಚಹಾ ಬಾಯಿಗೆ ಬರುವಷ್ಟರಲ್ಲಿ ಅರ್ಧವಾಗುತ್ತಿತ್ತು. ಗೆರೆಗಳು ಒಡೆದವು, ಯಂಕೋಬನ ಮುಖ ಅಲೆಅಲೆಯಾಯಿತು. ಒಂದು ಭಾನುವಾರ ನಾನು ಹೋಗಿದ್ದಾಗ ಅವರು ಒಂದು ರೀತಿಯ ಆಸೆಯಿಂದ ಕಾಗದವನ್ನು ಹುಲಿಗೆಮ್ಮನ ಕೈಗೆ ಕೊಟ್ಟರು. “ನೋಡವ್ವ, ಇನ್ನ ನನ್ನ ಕೈಲಾಗಂಗಿಲ್ಲ. ಇದು ಯಂಕೋಬ ಅಲ್ಲ.”

ಹುಲಿಗೆಮ್ಮ ಕಾಗದವನ್ನು ದೂರ ಹಿಡಿದು ನೋಡಿದರು.

“ಅವ್ರ ಅದಾರ್ರಿ. ಘಾಟಿ ಇಳಿವಾಗ ಬಸ್ ಹಿಂಗ ನಡಗ್ತಿತ್ತು. ಅವ್ರ ಮುಖಾನೂ ಹಿಂಗ ಅಲುಗ್ಯಾಡ್ತಿತ್ತು.”

ಮಾಸ್ತರು ನಕ್ಕರು ಎಂದು ಬರೆಯಲು ಕೈ ಬರುತ್ತದೆ. ನಕ್ಕರೋ ಇಲ್ಲವೋ. ಪೆನ್ಸಿಲನ್ನು ಕಿವಿಯ ಹಿಂದೆ ಇಟ್ಟುಕೊಳ್ಳಲು ನೋಡಿದರು, ಅದು ಜಾರಿ ಬಿತ್ತು, ಎತ್ತಿಕೊಳ್ಳಲಿಲ್ಲ.

ಈಗ ಅವರಿಲ್ಲ. ಅವರ ಮುಖ ಬರೆದವರು ಯಾರೂ ಇಲ್ಲ. ನನ್ನ ಕೈಯಲ್ಲಿ ಒಂದು ಆನೆಯೂ ಆನೆಯಂತೆ ಮೂಡುವುದಿಲ್ಲ. ಈ ಮಾತುಗಳಲ್ಲಿ ಅವರನ್ನು ಕನ್ನಡಿಯಲ್ಲಿ ಕಂಡ ಹಾಗೆ, ಮೂಗು ಆ ಕಡೆಗೆ ಹೋಗಿ, ಹಿಡಿದಿರುತ್ತೇನೆ. ಆದರೂ ಅವರೇ ಎನ್ನಲು ನನ್ನ ಓಣಿಯಲ್ಲಿ ಯಾರಿದ್ದಾರೆ?

ಕಳೆದ ಭಾನುವಾರ ಬಾಗಿಲು ಬಡಿದ ಸದ್ದಾಯಿತು. ಹುಲಿಗೆಮ್ಮ. ಯಶವಂತನಗರದಿಂದ ಹೊಸಪೇಟೆಗೆ ಒಬ್ಬರೇ ಬಂದಿದ್ದರು. “ಆಸ್ಪತ್ರಿ ದಾರಿ ಅಲ್ಲೇನ್ರಿ ಟೀಚರ್, ಕಣ್ಣು ಮುಚ್ಕೊಂಡು ಬರ್ತೀನಿ” ಎಂದರು. ನೀರು ಕುಡಿದು, ಕೈಚೀಲದಿಂದ ಬಿಳಿ ಹಾಳೆ ತೆಗೆದು ಮೇಜಿನ ಮೇಲೆ ಹರಡಿದರು.

“ಹುಲಿಗೆಮ್ಮಾ, ನನಗೆ ಚಿತ್ರ ಬರೆಯಲು ಬರುವುದಿಲ್ಲ.”

“ಗೊತ್ತೈತ್ರಿ. ಮುಖ ಸರ ಬರೀತಿದ್ರು. ಮಾತು ನೀವು ಬರೀತಿದ್ರಿ. ಮುಖ ಇಲ್ದಿದ್ರ ಹೋಗ್ಲಿ. ನಮ್ಮವ್ರು ಏನಂದ್ರು ಅಂತ ಬರದುಕೊಡ್ರಿ.”

ಇಲ್ಲ ಎನ್ನಬೇಕೆಂದು ಬಾಯಿ ತೆರೆದೆ. ಮಾಸ್ತರಿಗೆ ಫೋನಿನಲ್ಲಿ ಅಷ್ಟು ಸುಲಭವಾಗಿ ಹೇಳಿಕೊಟ್ಟ ಮಾತು. ಆಕೆ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಪೆನ್ಸಿಲ್ ಹುಡುಕಿದೆ. ಮೊದಲು ಬಾಲ. ಎಲ್ಲಿಂದ ಎಂದು ತಿಳಿಯದೆ ಕೈ ನಿಂತಿತು. ಹುಲಿಗೆಮ್ಮ ಖಾಲಿ ಹಾಳೆಯ ಕೆಳಗಿನ ಎಡಮೂಲೆಯಲ್ಲಿ ಬೆರಳಿಟ್ಟರು.

“ಮನ್ಯಾಗ ಇಲ್ಲಿ ಕುಂದ್ರುತಿದ್ರು. ಬಾಗಿಲ ಕಡಿಗೆ.”

ಅಲ್ಲಿಂದ ಗೆರೆ ಎಳೆದೆ, ಸೊಟ್ಟ ಪುಗ್ಗವೊಂದನ್ನು ಊದಿದೆ. “ಏನನ್ನುತ್ತಿದ್ದರು?” ಎಂದು ಕೇಳಿದೆ.

“ಏನಂತಾರ? ದುಡದು ಬಂದವ್ರು. ಊಟ ಆತೇನಲೇ ಅಂತಿದ್ರು. ‘ಲೇ’ ಬಿಡಬ್ಯಾಡ್ರಿ ಮತ್ತ.”

ಬರೆದೆ. ಹಾಳೆಯನ್ನು ಅವರ ಕಡೆ ತಿರುಗಿಸಿದೆ. ಅವರು ಬೆರಳಿಟ್ಟು ಒಂದೊಂದೇ ಅಕ್ಷರ ಓದಿದರು, ಸೆರಗು ಸರಿಮಾಡಿಕೊಂಡರು, ಬಾಲದ ತುದಿಯ ಖಾಲಿ ಜಾಗವನ್ನು ನೋಡಿ ತಗ್ಗಿದ ದನಿಯಲ್ಲಿ ಹೇಳಿದರು:

“ನಂದು ಆತ್ರಿ. ನಿಮ್ದು?”

ಆಮೇಲೆ ಉತ್ತರಕ್ಕಾಗಿ ಹಾಳೆಯನ್ನು ಮತ್ತೆ ನನ್ನ ಕಡೆಗೆ ಸರಿಸಿದರು.